ಅತ್ತೆಯ ಮಾತು, ಸೊಸೆಯ ರಬ್ಬರು

ಛಾಪಖಾನೆಯಲ್ಲಿ ಕರಡು ತಿದ್ದುವವಳಿಗೆ ರಬ್ಬರಿನ ಹುಚ್ಚು ಹಿಡಿದರೆ ಯಾರಿಗೂ ಆಶ್ಚರ್ಯವಾಗಲಿಕ್ಕಿಲ್ಲ. ಆದರೆ ಈ ಸೊಸೆ ಕೂಡಿಟ್ಟಿದ್ದು ಅಳಿಸುವುದಕ್ಕಲ್ಲ. ರೈಲು, ಟೆಲಿಫೋನು, ಟೋಪಿ ಹಾಕಿದ ಕರಡಿ, ಕೆಂಪು ಮೂಗಿನ ಜೋಕರ್, ಹೀಗೆ ನಾನಾ ಆಕಾರದ, ತಾನು ಹುಟ್ಟುವ ಮೊದಲೇ ಅಂಗಡಿಗೆ ಬಂದು, ಮಾರಾಟವಾಗದೆ ಮೂಲೆ ಸೇರಿದ್ದ ರಬ್ಬರುಗಳನ್ನೆಲ್ಲ ಹುಡುಕಿ ತಂದು ಬೀರುವಿನಲ್ಲಿ ಜೋಡಿಸಿದ್ದಳು. ಒಂದರಿಂದಲೂ ಒಂದಕ್ಷರ ಅಳಿಸಿದವಳಲ್ಲ.

ಅತ್ತೆಗೆ ಅವನ್ನು ಕಂಡರಾಗದು. ಆಯಸ್ಸೆಲ್ಲ ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು. ಇಂಥವನ್ನು ಡೆಸ್ಕಿನ ಮೇಲೆ ಓಡಿಸುವ ಮಕ್ಕಳಿಂದ ಕಿತ್ತುಕೊಂಡೇ ಸಾಕಾಗಿದ್ದವರು. "ಶಾಲೇಲಿ ಬಿಡಿಸ್ಕೊಂಡಿದ್ದು ಸಾಲ್ದು ಅಂತ ಈಗ ಮನೇಲೇ ಅಂಗಡಿ ಇಟ್ಟಿದೀಯಲ್ಲಮ್ಮ" ಎನ್ನುತ್ತಿದ್ದರು. ಸೊಸೆ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದಳು.

ಅಂಥ ಬಾಯಿ ಒಂದು ಬೆಳಿಗ್ಗೆ ಕಟ್ಟಿಹೋಯಿತು. ಹಲ್ಲುಜ್ಜುತ್ತಿದ್ದವರು ಹಾಗೇ ಕುಸಿದರು. ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಡಾಕ್ಟರು. ಜೀವ ಉಳಿಯಿತು, ಬಲಗೈ, ಬಲಗಾಲು, ಮಾತು ಮೂರೂ ಕೈಕೊಟ್ಟವು. ಕೇಳಿದ್ದೆಲ್ಲ ಅರ್ಥವಾಗುತ್ತಿತ್ತು. ಹೇಳಬೇಕಾದ್ದು ಮಾತ್ರ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂರುತ್ತಿತ್ತು. ಮಾತು ಕಲಿಸಲು ಬರುತ್ತಿದ್ದ ಹುಡುಗಿ ಚಿತ್ರದ ಕಾರ್ಡು ಹಿಡಿದು "ಇದೇನಜ್ಜಿ?" ಎಂದರೆ, ಎಡಗೈಯಿಂದ ಎಲ್ಲವನ್ನೂ ನೆಲಕ್ಕೆ ತಳ್ಳಿ ಗೋಡೆಯ ಕಡೆ ತಿರುಗಿಬಿಡುತ್ತಿದ್ದರು. ಟೀಚರನ್ನೇ ಒಂದನೇ ಕ್ಲಾಸಿನಲ್ಲಿ ಕೂರಿಸಿದ ಅವಮಾನ. ಮಗ ಲಾರಿ ಹತ್ತಿದರೆ ವಾರಗಟ್ಟಲೆ ಮನೆಗಿಲ್ಲ. ಸೊಸೆ ಕರಡಿನ ಕಟ್ಟನ್ನು ಮನೆಗೇ ತಂದುಕೊಂಡು ಅತ್ತೆಯ ಪಕ್ಕ ಕೂತಳು.

ಹಳೆಯ ರಬ್ಬರಿಗೂ ಒಂದು ಕಾಯಿಲೆಯುಂಟು. ಸೆಕೆಗೆ ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಒಂದು ಮಧ್ಯಾಹ್ನ ಅವಳು ಮಂಚದ ಬಳಿ ನೆಲದ ಮೇಲೆ ಅವನ್ನೆಲ್ಲ ಹರಡಿಕೊಂಡು, ಬಿಡಿಸಿ ಪೌಡರ್ ಹಚ್ಚುತ್ತಿದ್ದಳು. ಕರಡಿಯ ಸರದಿ ಬಂದಾಗ ತಲೆಯ ಮೇಲೆ ಗುಡುಗಿದಂತಾಯಿತು.

"ಏಯ್! ಕೊಡಿಲ್ಲಿ ಅದನ್ನ!"

ಸೊಸೆ ಬೆಚ್ಚಿಬಿದ್ದು, ಕ್ಲಾಸಿನಲ್ಲಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕರಡಿಯನ್ನು ಕೊಟ್ಟೇಬಿಟ್ಟಳು. ಹೊಳೆದದ್ದು ಆಮೇಲೆ. ಇಬ್ಬರೂ ಮುಖ ಮುಖ ನೋಡಿಕೊಂಡರು. ತಮ್ಮ ದನಿ ತಾವೇ ಕೇಳಿ ಅತ್ತೆಯ ಕಣ್ಣು ಅರಳಿತ್ತು.

"ಅತ್ತೆ, ಏನದು ಕೈಯಲ್ಲಿ?"

"ಕ... ಕತ್ರಿ." ತಪ್ಪೆಂದು ಅವರಿಗೇ ಗೊತ್ತಾಗಿ ಹಣೆ ಚಚ್ಚಿಕೊಂಡರು. "ಅಲ್ಲ, ಅಲ್ಲ. ಕರ... ಕರಡಿ!"

ಅಂದಿನಿಂದ ಕಾರ್ಡು ಹೋಗಿ ರಬ್ಬರು ಬಂತು. ಟೆಲಿಫೋನು ಕೆಲವು ದಿನ ಚಪ್ಪಲಿಯಾಗಿತ್ತು. ಜೋಕರನ್ನು ಹಿಡಿದು ಬಹಳ ಹೊತ್ತು ಯೋಚಿಸಿ ಮಗನ ಹೆಸರು ಹೇಳಿದಾಗ, ಅತ್ತೆ ಸೊಸೆ ಇಬ್ಬರೂ ಹೊಟ್ಟೆ ಹುಣ್ಣಾಗುವಷ್ಟು ನಕ್ಕರು.

ಮಾತು ಚಿಗುರಿದ ಮೇಲೆ ಎಡಗೈಯಲ್ಲಿ ಬರೆಯುವ ಹಟ ಹಿಡಿಯಿತು. "ರೈಲು" ಎಂದು ಬರೆಯಹೋಗಿ "ರೇಲು" ಆಯಿತು. ಅತ್ತೆ ಹುಬ್ಬು ಗಂಟಿಕ್ಕಿ, ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡು ಗಸಗಸ ಉಜ್ಜಿದರು. ಸಿಕ್ಕಿದ್ದು ಆ ರೈಲೇ. ಅದಕ್ಕಾಗಿ ಸೊಸೆ ಹತ್ತದ ಅಂಗಡಿ ಮೆಟ್ಟಿಲಿರಲಿಲ್ಲ. ಕಿತ್ತುಕೊಳ್ಳಲು ಕೈ ಚಾಚಿದವಳು ಅರ್ಧದಲ್ಲೇ ಹಿಂತೆಗೆದುಕೊಂಡಳು. ರೈಲಿನ ಮೂತಿ ಮೊಂಡಾಯಿತು. ಅತ್ತೆ ಮತ್ತೆ ಬರೆದರು. ಅಕ್ಷರ ಸೊಟ್ಟ, ಆದರೆ ಸರಿ. ಆಗ ಕೈಯಲ್ಲಿದ್ದುದನ್ನು ನೋಡಿಕೊಂಡರು.

"ನಿಂದು... ಹಾಳಾಯ್ತಲ್ಲೇ."

"ಇರ್ಲಿ ಬಿಡಿ ಅತ್ತೆ, ರಬ್ಬರ್ ಇರೋದೇ ಅದಕ್ಕಲ್ವಾ."

ಹಾಗೆಂದ ಮೇಲೆ ಅವಳಿಗೂ ಹಗುರವಾಯಿತು. ಪೂರ್ತಿಯಲ್ಲ, ಸ್ವಲ್ಪ.

ಕೋಲೂರಿ ನಡೆಯುವಂತಾದ ಮೇಲೆ, ಹಾಳಾದ ರೈಲಿನ ಬದಲು ಇನ್ನೊಂದು ಹುಡುಕಲು ಅತ್ತೆ ತಾವೇ ಸೊಸೆಯ ಜೊತೆ ಹೊರಟು ನಿಂತರು. ಹಳೆಯ ಸ್ಟೇಷನರಿ ಅಂಗಡಿಯವನು ಅಟ್ಟದಿಂದ ಧೂಳು ಹಿಡಿದ ಡಬ್ಬಿ ಇಳಿಸಿ, "ಏಡಿ ಒಂದಿದೆ ನೋಡಿ, ಈಗೆಲ್ಲಿ ಬರುತ್ತೆ ಇಂಥದ್ದು" ಎಂದ.

ಅತ್ತೆ ತಿರುಗಿಸಿ ಮುರುಗಿಸಿ ನೋಡಿದರು. "ಚೇಳು."

"ಅಲ್ಲಮ್ಮ, ಏಡಿ."

ಸೊಸೆ ಮೆಲ್ಲಗೆ ತಿದ್ದಲು ಬಾಯಿ ತೆರೆದಳು. ಅತ್ತೆ ಕೋಲನ್ನು ಕೌಂಟರಿಗೆ ಒರಗಿಸಿ, ಉಸಿರೆಳೆದುಕೊಂಡು, ಒಂದೊಂದೇ ಮಾತು ಹೆಕ್ಕಿ ಕೇಳಿದರು: "ಏಡಿಗೆ... ಬಾಲ... ಎಲ್ಲಿಂದ ಬಂತಪ್ಪ?"

ಅಂಗಡಿಯವನು ಕನ್ನಡಕ ಏರಿಸಿ ನೋಡಿದ. ಬಾಲ ಬೆನ್ನಿನ ಮೇಲೆ ಸುರುಳಿ ಸುತ್ತಿಕೊಂಡು ಕೂತಿತ್ತು. "ಹೌದಲ್ಲ!" ಎಂದ. ಅಷ್ಟರಲ್ಲಿ ಅತ್ತೆಯ ಎಡಗೈ ಡಬ್ಬಿಯೊಳಗೆ ಇಳಿದು ಇನ್ನೊಂದನ್ನು ತಡಕುತ್ತಿತ್ತು.