ಸುಣ್ಣದ ಕಡ್ಡಿ

ಬೀದರಿನ ಕಾಲೇಜು. ಪ್ರಾಣಿಶಾಸ್ತ್ರ ವಿಭಾಗದ ಮೇಜಿನ ಮೇಲೆ ಹನ್ನೊಂದು ಬಾಟಲಿಗಳಿದ್ದವು. ಒಂದೊಂದರಲ್ಲೂ ಸ್ಪಿರಿಟ್ಟಿನಲ್ಲಿ ಕಾಲು ಮಡಚಿಕೊಂಡ ಕಪ್ಪು ಜೇಡ. ಚೀಟಿಯಲ್ಲಿ 'ಸಂಗ್ರಹ: ವಿಶ್ವಾಸ, ಹಲಬರ್ಗಾ' ಎಂದಿತ್ತು. ಸಪನಾ ಎರಡು ಸಲ ಎಣಿಸಿದಳು. ಹಲಬರ್ಗಾದ ಹೊಲದ ಒಡ್ಡಿನಲ್ಲಿ ಅವಳು ಗುರುತಿಗೆ ನೆಟ್ಟ ಕಡ್ಡಿಗಳೂ ಹನ್ನೊಂದೇ.

"ಮುಖ ಯಾಕ ಹಂಗ ಮಾಡಿ?" ಅವಳ ಸಹಪಾಠಿ ವಿಶ್ವಾಸ ನಕ್ಕ. "ಸರ್ ಖುಷ್ ಆಗ್ಯಾರ. ಬರೇ ನೋಟಬುಕ್ ತೋರಿಸಿದ್ರ ಯಾರು ನಂಬ್ತಾರ? ಮಾಲು ಬೇಕು."

"ಅವು ನನ್ನ ಜೇಡ."

"ಅವುಗಳ ಬೆನ್ನ ಮ್ಯಾಲ ನಿನ್ನ ಹೆಸರು ಇದ್ದಿಲ್ಲ ಬಿಡು."

ಈ ಜಾತಿಯ ಮುಚ್ಚಳದ ಜೇಡ ಮರಿಯಿದ್ದಾಗ ಒಂದು ಬಿಲ ತೋಡುತ್ತದೆ. ಬೆಳೆದಂತೆ ಅದನ್ನೇ ಅಗಲಿಸುತ್ತದೆ, ಹೆಣ್ಣಾದರೆ ಅಲ್ಲೇ ಸಾಯುತ್ತದೆ. ಬಿಲದ ಬಾಯಿಗೆ ಮಣ್ಣು, ನೂಲು ಸೇರಿಸಿ ಮಾಡಿದ ಮುಚ್ಚಳ ಹಾಕಿಕೊಂಡರೆ ಕಾಲಡಿ ಇದ್ದರೂ ಕಾಣದು. ಒಂದೇ ಬಿಲದಲ್ಲಿ ಎಷ್ಟು ವರ್ಷ ಬದುಕುತ್ತದೆ ಎಂಬುದನ್ನು ಸಪನಾ ಎರಡು ವರ್ಷದಿಂದ ಬರೆದಿಡುತ್ತಿದ್ದಳು. ಅಗೆದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು. ಗುರುತಿಗೆಂದು ಪ್ರತಿ ಮುಚ್ಚಳದ ಬಲಕ್ಕೆ ಒಂದು ಗೇಣಿನಾಚೆ ಸುಣ್ಣದಲ್ಲಿ ಅದ್ದಿದ ಬೆಂಕಿಕಡ್ಡಿ ಚುಚ್ಚಿದ್ದಳು. ಸುಣ್ಣ ಹೊಲದ ಒಡತಿ ಶಾಲುಬಾಯಿಯ ತಂಬಾಕಿನ ಡಬ್ಬಿಯದು. ದೀಪಾವಳಿ ರಜೆಯಲ್ಲಿ ವಿಶ್ವಾಸನೊಬ್ಬನನ್ನೇ ಒಡ್ಡಿಗೆ ಕರೆದೊಯ್ದು ಆ ಗುರುತು ಹೇಳಿಕೊಟ್ಟಿದ್ದಳು. ಅವನು ಕಿವಿಗೊಟ್ಟು ಕೇಳಿದ್ದ.

ಮಧ್ಯಾಹ್ನದ ಬಸ್ಸಿಗೇ ಹಲಬರ್ಗಾಕ್ಕೆ ಹೋದಳು. ಶಾಲುಬಾಯಿ ಆಡು ಮೇಯಿಸುತ್ತಿದ್ದಳು. ಒಡ್ಡಿಗೆ ಯಾರು ಬಂದಿದ್ದರೆಂದು ಸಪನಾ ಕೇಳಿದಳು.

"ನಿನ್ನ ಜೋಡಿ ಬಂದಿದ್ನಲ್ಲ, ಅವನೇ," ಅಂದಳು. "ಸಪನಾನೇ ಕಳಿಸ್ಯಾಳ್ರಿ ಆಯಿ ಅಂದ. ಅಗೀಲಿಕ್ಕ ಖುರ್ಪಿ ಕೇಳ್ದ, ಕೊಟ್ಟೆ. ಚಾ ಸುದ್ಧಾ ಮಾಡಿ ಕೊಟ್ಟೆ."

"ಒಂದು ಫೋನ್ ಮಾಡಬೇಕಿತ್ತಲ್ಲ ಆಯಿ."

"ನಿನ್ನ ಹೆಸರು ಹೇಳ್ಕೊಂಡು ಬಂದವನಿಗಿ ಇಲ್ಲ ಅನ್ಲೇನು?"

ಸಪನಾ ಒಡ್ಡಿನ ಕಡೆ ನಡೆದಳು.

ಒಡ್ಡಿನಲ್ಲಿ ಹನ್ನೊಂದು ತಗ್ಗುಗಳಿದ್ದವು. ಕಡ್ಡಿಗಳು ಮಾತ್ರ ನೆಟ್ಟ ಹಾಗೇ ನಿಂತಿದ್ದವು. ಅಗೆದ ಗೋಡೆಗಳಿಂದ ನೂಲಿನ ಅಸ್ತರಿ ಹರಿದು ಜೋತಾಡುತ್ತಿತ್ತು. ಒಂದು ಮುಚ್ಚಳ ಅಂಗಾತ ಬಿದ್ದಿತ್ತು, ಅಂಗಿಯ ಗುಂಡಿಯಷ್ಟು.

ಅವಳು ನೋಟಬುಕ್ ತೆಗೆದಳು. ಕೊನೆಯ ಸಾಲು: 'ಹನ್ನೆರಡು. ತಂಗಡಿ ಗಿಡದ ಬುಡ. ಕಡ್ಡಿ ಬಾಕಿ.' ಅಂದು ಕಡ್ಡಿಪೆಟ್ಟಿಗೆ ಖಾಲಿಯಾಗಿತ್ತು. ಆಮೇಲೆ ಅದು ಮರೆತೇಹೋಗಿತ್ತು. ಗಿಡದ ಬುಡದಲ್ಲಿ ಮೊಣಕಾಲೂರಿ ಮಣ್ಣನ್ನು ಬೆರಳಿನಿಂದ ಸವರುತ್ತಾ ಹೋದಳು. ಬಹಳ ಹೊತ್ತಿಗೆ ಒಂದು ಅಂಚು ತಗುಲಿತು. ಹುಲ್ಲುಕಡ್ಡಿಯಿಂದ ಎತ್ತಲು ನೋಡಿದಳು. ಒಳಗಿನಿಂದ ಯಾರೋ ಬಿಗಿಯಾಗಿ ಎಳೆದು ಹಿಡಿದರು.

ಫೋನ್ ಬಂತು. ವಿಶ್ವಾಸ.

"ಸರ್ ಜೀವಂತ ಒಂದು ಬೇಕು ಅಂತಾರ. ಇನ್ನೊಂದು ಎಲ್ಲರೆ ಅದ ಏನು? ಬೇಕಾದ್ರ ಅದಕ್ಕ ನಿನ್ನ ಹೆಸರೇ ಹಾಕಮು."

"ಇಲ್ಲ. ಎಲ್ಲಾ ನೀನೇ ತಗೊಂಡಿ."

ಫೋನಿಟ್ಟು ಕೊನೆಯ ಸಾಲನ್ನು ಓದಲು ಬಾರದಂತೆ ಗೀಚಿದಳು. ಎರಡು ವರ್ಷದಲ್ಲಿ ಆ ಪುಸ್ತಕದಲ್ಲಿ ಅವಳು ಹೇಳಿದ ಮೊದಲ ಸುಳ್ಳು ಅದು. ಆಮೇಲೆ ಹನ್ನೊಂದೂ ಕಡ್ಡಿ ಕಿತ್ತು ಚೀಲಕ್ಕೆ ಹಾಕಿಕೊಂಡಳು.