ಔಷಧ ಹಾಕದ ಬಾಟಲಿ

ಮಾಪಕದ ಮುಳ್ಳು ಏರುತ್ತಿತ್ತು. ಕಂಬಳಿ ಸುತ್ತಿದ ಪೆಟ್ಟಿಗೆಯೊಳಗೆ ಪುಟ್ಟ ಬಾಟಲಿ, ಬಾಟಲಿಯಲ್ಲಿ ಮಾಂಸದ ಸಾರು, ಸಾರಿನಲ್ಲಿ ಯಾರದೋ ಹುಣ್ಣಿನ ಕೀವಿನಿಂದ ತೆಗೆದ ಬ್ಯಾಕ್ಟೀರಿಯಾ. ಅವು ತಿಂದು ಬೆಳೆಯುತ್ತ ಹೊರಬಿಡುವ ಶಾಖವನ್ನು ಆ ಮುಳ್ಳು ತೋರಿಸುತ್ತಿತ್ತು. ಗಂಟೆಗೊಮ್ಮೆ ಅದನ್ನು ಬರೆದುಕೊಳ್ಳುವುದು ಪ್ರಯೋಗಶಾಲೆಯಲ್ಲಿ ನನ್ನ ಕೆಲಸ. ಅಚ್ಚುಕಟ್ಟಾದ ಕೆಲಸವೇ, ಬಾಟಲಿಯ ಮುಚ್ಚಳ ತೆಗೆಯುವವರೆಗೆ. ತೆಗೆದರೆ ಸತ್ತ ಹೆಗ್ಗಣದ ನಾತ. ಎಷ್ಟು ಸೋಪು ಹಾಕಿ ತಿಕ್ಕಿದರೂ ಊಟದ ತುತ್ತಿಗೆ ಅದೇ ವಾಸನೆ. ಆ ಕೆಲಸವನ್ನು ನಾನು ದ್ವೇಷಿಸುತ್ತಿದ್ದೆ.

ಹುಣ್ಣಿಗೆ ಹಚ್ಚುವ ಹೊಸ ಔಷಧವೊಂದನ್ನು ಪರೀಕ್ಷಿಸಲು ಆಸ್ಪತ್ರೆಯವರು ಕಳಿಸಿದ್ದರು. ಔಷಧ ಹಾಕಿದ ಬಾಟಲಿಯೊಂದು, ಹಾಕದ್ದೊಂದು, ಎರಡನ್ನೂ ಒಟ್ಟಿಗೇ ಇಡಬೇಕೆಂಬುದು ನಿಯಮ. ನಾನು ಹಾಕದ್ದನ್ನು ಇಡಲಿಲ್ಲ. ಇನ್ನೊಂದು ಮುಚ್ಚಳ ತೆಗೆಯಲು ಹೇಸಿಗೆಯಾಯಿತು, ಅಷ್ಟೇ. ಔಷಧ ಹಾಕಿದ್ದರ ಮುಳ್ಳು ಐದನೆಯ ಗಂಟೆಗೆ ಇಳಿಯಿತು. ಬ್ಯಾಕ್ಟೀರಿಯಾ ಸತ್ತವು ಅಂದುಕೊಂಡೆ. ಇಡದ ಬಾಟಲಿಯ ಮುಳ್ಳು ಏರುತ್ತಲೇ ಇತ್ತೆಂದು ಅಂಕಿಗಳನ್ನು ಕಲ್ಪಿಸಿ ಬರೆದು, ಸಹಿ ಹಾಕಿ ವರದಿ ಕಳಿಸಿದೆ.

ಹತ್ತು ದಿನ ಕಳೆದ ಮೇಲೆ ಜೊತೆಯಲ್ಲಿ ಕೆಲಸ ಮಾಡುತ್ತಿದ್ದ ಫಿಲೋಮಿನಾ ಅದೇ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿದಳು. ಎರಡೂ ಬಾಟಲಿ ಇಟ್ಟಳು. ಐದನೆಯ ಗಂಟೆಗೆ ಎರಡೂ ಮುಳ್ಳು ಇಳಿದವು.

"ಇದಕ್ಕೆ ಔಷಧಾನೇ ಹಾಕಿಲ್ಲ, ಇದ್ಯಾಕೆ ಇಳೀತು?" ಎಂದವಳು ಬಾಟಲಿಯ ಬಿಗಿ ಮುಚ್ಚಳವನ್ನು ಮುಟ್ಟಿ ನೋಡಿದಳು. "ಬಾಟ್ಲೀಲಿ ಗಾಳಿ ಮುಗ್ದಿದೆ. ಅದಕ್ಕೇ ಬೆಳೆಯೋದು ನಿಂತಿದೆ. ಔಷಧ ಏನೂ ಕಿಸಿದಿಲ್ಲ ಕಣೋ. ನಿನ್ನ ವರದೀಲಿ ಔಷಧ ಹಾಕದ್ದು ಮಾತ್ರ ಹೇಗೆ ಏರ್ತಾ ಹೋಯ್ತು?"

"ನಾನು ಇಡ್ಲೇ ಇಲ್ಲ," ಎಂದೆ. "ನಾತ ತಡೆಯೋಕಾಗ್ಲಿಲ್ಲ."

"ಥೂ ನಿನ್ನ," ಎಂದಳು. "ಆ ಔಷಧದಲ್ಲಿ ಯಾರ್ದೋ ಗಾಯ ತೊಳೀತಿದಾರೆ. ಎದ್ದು ಹೋಗಿ ಹೇಳು."

ತೊಳೆಯುತ್ತಿದ್ದುದು ಪುಟ್ಟತಾಯಮ್ಮ ಎಂಬ ಹೂ ಮಾರುವ ಹೆಂಗಸಿನ ಪಾದವನ್ನು. ತುಕ್ಕು ಹಿಡಿದ ತಗಡು ತುಳಿದದ್ದಂತೆ. ಹಿಂದಿನ ದಿನ ಎರಡು ಬೆರಳು ತೆಗೆದಿದ್ದರು, ಪಾದ ಉಳಿಯುವುದೂ ಅನುಮಾನವಾಗಿತ್ತು. ಅವಳ ಮಂಚದ ಬಳಿಯೇ ನಿಂತು ಡಾಕ್ಟರಿಗೆ ಎಲ್ಲವನ್ನೂ ಹೇಳಿದೆ.

"ನಿಮ್ಮ ವರದಿ ನಂಬಿ ಹಳೇ ಔಷಧ ನಿಲ್ಲಿಸಿದ್ದು ನಾನು," ಎಂದರು ಅವರು. ಹಳೆಯದನ್ನೇ ತರಲು ನರ್ಸಿಗೆ ಹೇಳಿ, ನನ್ನ ಕಡೆ ತಿರುಗಿಯೂ ನೋಡದೆ ಹೋದರು.

ಪುಟ್ಟತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಷ್ಟೊಂದು ನಾರ್ತಿತ್ತಾ ಸ್ವಾಮಿ ಅದು?" ಎಂದಳು.

"ಹೂಂ."

"ನನ್ ಕಾಲೂ ನಾರ್ತದೆ. ಮಗಳೂ ಹತ್ರ ಬರಾಕಿಲ್ಲ."

ನರ್ಸು ಬಂದು ಬೇಸಿನ್ನನ್ನು ನನ್ನ ಕೈಗೇ ಕೊಟ್ಟಳು. ಮಂಡಿಯೂರಿ ಅದನ್ನು ಆ ಪಾದದ ಕೆಳಗೆ ಹಿಡಿದೆ. ನರ್ಸು ಬ್ಯಾಂಡೇಜು ಬಿಚ್ಚತೊಡಗಿದಳು. ಪುಟ್ಟತಾಯಮ್ಮ ತನ್ನ ಕಾಲನ್ನು ನೋಡಲಿಲ್ಲ, ನನ್ನ ಮುಖವನ್ನೇ ನೋಡುತ್ತಿದ್ದಳು.