ಪಟ್ಟಿಯ ತುದಿಯಲ್ಲಿ ಅಣ್ಣ

"ನಾನೇನು ಒಲೆ ಮೇಲಿಟ್ಟ ಹಾಲಾ, ಗಳಿಗೆಗೊಂದ್ಸಲ ಬಂದು ಇಣುಕೋಕೆ?" ಎಂದು ಅಣ್ಣ ರೇಗಿದ ದಿನವೇ ಗುಬ್ಬಿ ಅವನನ್ನು ತನ್ನ ಪಟ್ಟಿಗೆ ಸೇರಿಸಿದ್ದು.

ಪಟ್ಟಿ ಎಂದರೆ ಅವಳ ಕಂಪ್ಯೂಟರ್ ಪರದೆಯ ನೆತ್ತಿಯಲ್ಲಿ ಎಡದಿಂದ ಬಲಕ್ಕೆ ಹಾಯುವ, ಬೆರಳಗಲವೂ ಇಲ್ಲದ ಕಪ್ಪು ಗೆರೆ. ಗುಬ್ಬಿಗೆ ಸಾರ್ವಜನಿಕ ಗ್ರಂಥಾಲಯದ ಸರ್ವರುಗಳನ್ನು ಮನೆಯಿಂದಲೇ ನೋಡಿಕೊಳ್ಳುವ ಕೆಲಸ. ತನ್ನ ಯಂತ್ರದ ಯೋಗಕ್ಷೇಮ ತಿಳಿಸುವ ಸಿದ್ಧ ತಂತ್ರಾಂಶಗಳು ಬೇಕಾದಷ್ಟಿದ್ದರೂ ಅವು ಕೇಳಿದ್ದನ್ನು ಬಿಟ್ಟು ಊರ ಸುದ್ದಿಯನ್ನೆಲ್ಲ ಹೇಳುತ್ತವೆಂದು ಅವಳಿಗೆ ಬೇಸರ. ಅದಕ್ಕೇ ಯಂತ್ರಕ್ಕೆ ಆಜ್ಞೆ ಕೊಡುವ ಐದಾರು ಸಾಲಿನ ಪುಟ್ಟ ಪುಟ್ಟ ಶೆಲ್ ಸ್ಕ್ರಿಪ್ಟುಗಳನ್ನು ತಾನೇ ಬರೆದುಕೊಂಡಿದ್ದಳು. ಒಂದು ಹೋಗಿ ಯಂತ್ರದ ಬಿಸಿ ಎಷ್ಟೆಂದು ಕೇಳಿ ಬರುತ್ತಿತ್ತು, ಇನ್ನೊಂದು ಮೆಮೊರಿ ನೋಡುತ್ತಿತ್ತು, ಮತ್ತೊಂದು ಡಿಸ್ಕು, ಮಗದೊಂದು ನೆಟ್ಟು. ಐದು ಸೆಕೆಂಡಿಗೊಮ್ಮೆ ದೊಡ್ಡ ಸ್ಕ್ರಿಪ್ಟೊಂದು ಇವನ್ನೆಲ್ಲ ಕರೆದು, ಉತ್ತರಗಳನ್ನು ಸಾಲಾಗಿ ಪೋಣಿಸಿ ಪಟ್ಟಿಯ ಮೇಲೆ ಹಾಕುತ್ತಿತ್ತು. ಉತ್ತರ ಬಾರದ ಕಡೆ 'ಇಲ್ಲ' ಎಂದು ಬೀಳುತ್ತಿತ್ತು. ನೆಟ್: ಇಲ್ಲ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ಗುಬ್ಬಿಗೂ ಇರಲಿಲ್ಲ, ಅವಳ ಸ್ಕ್ರಿಪ್ಟಿಗೂ ಇರಲಿಲ್ಲ.

ಕನ್ನಡ ಅಕ್ಷರಗಳು ಮಾತ್ರ ಅಣ್ಣನ ಹಟ. ಅವನು ಅಚ್ಚುಕೂಟದಲ್ಲಿ ಸೀಸದ ಅಕ್ಷರದ ಮೊಳೆ ಜೋಡಿಸಿ ಕೈ ಕಪ್ಪು ಮಾಡಿಕೊಂಡವನು. ಮೊಳೆಗಳ ಕಾಲ ಮುಗಿದ ಮೇಲೂ ಅಲ್ಲೇ ಕಂಪ್ಯೂಟರಿನಲ್ಲಿ ಪುಟ ಕಟ್ಟುತ್ತ ನಿವೃತ್ತನಾದ. "ನಿನ್ನ ಯಂತ್ರಕ್ಕೆ ನಮ್ಮ ಅಕ್ಷರ ಬರಲ್ವಾ?" ಎಂದು ಕೆಣಕಿ, ಅವಳು ಬರೆದದ್ದನ್ನು ಕನ್ನಡಕ ಏರಿಸಿ ನೋಡಿ, "ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗಿದೆ, ಉಸಿರಾಡೋಕೆ ಜಾಗ ಬಿಡು" ಎಂದು ಎರಡು ಸಲ ತಿದ್ದಿಸಿದ್ದ. ಅವಳಿಗಿಂತ ಹದಿನೇಳು ವರ್ಷ ದೊಡ್ಡವನು, ಎತ್ತಿ ಆಡಿಸಿದವನು. ನಲವತ್ತಾರು ತುಂಬಿದವಳನ್ನು ಮನೆಯಲ್ಲಿ ಇನ್ನೂ ಗುಬ್ಬಿ ಎಂದೇ ಕರೆಯುತ್ತಿದ್ದರೆ ಅದೂ ಅವನಿಟ್ಟ ಹೆಸರೇ.

ಈಗ ಆ ಅಣ್ಣನ ಎದೆ ಆಗಾಗ ತಾಳ ತಪ್ಪುತ್ತಿತ್ತು. ನಾಡಿಯ ಮೇಲೆ ಕಣ್ಣಿಟ್ಟಿರಿ ಎಂದು ಡಾಕ್ಟರು ಹೇಳಿದ್ದರು. ಅತ್ತಿಗೆ ಶಾಲೆಯಲ್ಲಿ ಟೀಚರು. ಬೆಳಗ್ಗೆ ಆರೂವರೆಗೆ ಬಸ್ಸು ಹತ್ತಿದರೆ ಬರುವುದು ಸಂಜೆಗೇ. ಹಗಲೆಲ್ಲ ಅಣ್ಣ ಮಹಡಿಯ ಕೋಣೆಯಲ್ಲಿ, ಗುಬ್ಬಿ ಕೆಳಗೆ. ಅವಳು ಮೆಟ್ಟಿಲು ಹತ್ತಿಳಿಯುವುದೂ ಅವನು ರೇಗುವುದೂ ನಡೆದೇ ಇತ್ತು. ಕೊನೆಗೆ ನಾಡಿ ಎಣಿಸುವ ವಾಚೊಂದನ್ನು ತಂದು ಅವನ ಕೈಗೆ ಕಟ್ಟಿದಳು. ಅದರಿಂದ ಅಂಕಿ ತಂದುಕೊಡುವ ಒಂಬತ್ತು ಸಾಲಿನ ಸ್ಕ್ರಿಪ್ಟು ಬರೆದಳು. ಬಿಸಿ, ಮೆಮೊರಿ, ಡಿಸ್ಕ್, ನೆಟ್ ಆದ ಮೇಲೆ ಪಟ್ಟಿಯ ತುದಿಯಲ್ಲಿ 'ಅಣ್ಣ: 74' ಎಂದು ಬಂದಾಗ ಇಬ್ಬರಿಗೂ ನಗು ಬಂತು.

"ಡಿಸ್ಕ್ ಪಕ್ಕ ಕೂರಿಸಿದ್ದೀಯಲ್ಲೇ ನನ್ನ," ಎಂದ ಅಣ್ಣ.

"ಡಿಸ್ಕ್ ನಿನ್ನಷ್ಟು ರೇಗಲ್ಲ ಬಿಡು."

ಒಂದು ವಾರ ಚೆನ್ನಾಗಿ ನಡೆಯಿತು. ಎಂಟನೆಯ ದಿನ ಭಾನುವಾರ. ಅತ್ತಿಗೆ ಅವಳ ಬೆನ್ನ ಹಿಂದೆ ನಿಂತು ಏನೋ ಕೇಳುತ್ತಿದ್ದವರು ಅರ್ಧ ಮಾತಿನಲ್ಲಿ ನಿಂತರು. ಗುಬ್ಬಿ ತಲೆ ಎತ್ತಿ ನೋಡಿದರೆ ಪಟ್ಟಿಯ ಮೇಲೆ 'ಅಣ್ಣ: ಇಲ್ಲ' ಎಂದಿತ್ತು. ಅವಳಿಗೆ ಆ ಮಾತಿನ ಇನ್ನೊಂದು ಅರ್ಥ ಹೊಳೆಯುವ ಮೊದಲೇ ಅತ್ತಿಗೆ ಮೆಟ್ಟಿಲ ಮೇಲಿದ್ದರು. ಅಣ್ಣ ವಾಚು ಬಿಚ್ಚಿಟ್ಟು ಸ್ನಾನಕ್ಕೆ ಹೋಗಿದ್ದ. ಬಾಗಿಲು ಬಡಿದ ರಭಸಕ್ಕೆ ಗಾಬರಿಯಾಗಿ, "ಇದ್ದೀನಿ ಕಣೇ, ಇದ್ದೀನಿ" ಎಂದು ಒಳಗಿನಿಂದಲೇ ಕೂಗಿದ. ಅತ್ತಿಗೆ ಕೆಳಗೆ ಬಂದು ಕುರ್ಚಿಯಲ್ಲಿ ಕುಳಿತರು.

"ಗುಬ್ಬಿ, ಆ ಮಾತು ಅವರ ಹೆಸರಿನ ಮುಂದೆ ಬರಬಾರದು. ಬೇರೆ ಏನಾದ್ರೂ ಹಾಕು. ಅದು ಬೇಡ."

ಬೇರೆ ಏನು ಹಾಕುವುದು? ಸೊನ್ನೆ ಹಾಕಿದರೆ ಇನ್ನೂ ಕೆಟ್ಟದ್ದು. ಖಾಲಿ ಬಿಟ್ಟರೆ ಹೆಸರಿನ ಮುಂದೆ ಬಾಯಿ ತೆರೆದ ಹಾಗೆ ಕಾಣುತ್ತಿತ್ತು. ಗುಬ್ಬಿ ಯೋಚಿಸಿ ಒಂದು ಉಪಾಯ ಮಾಡಿದಳು. ವಾಚಿನಿಂದ ಅಂಕಿ ಬಂದಾಗಲೆಲ್ಲ ಅದನ್ನೊಂದು ಕಡತದಲ್ಲಿ ಬರೆದಿಡುವುದು, ಬಾರದಿದ್ದರೆ ಕಡತದಲ್ಲಿರುವ ಹಿಂದಿನ ಅಂಕಿಯನ್ನೇ ತೋರಿಸುವುದು. ಸ್ನಾನದ ಹತ್ತು ನಿಮಿಷ ತಾನೇ? ಹಾವೂ ಸಾಯದು, ಕೋಲೂ ಮುರಿಯದು. ಅಂಕಿ ಎಷ್ಟು ಹಳೆಯದೆಂದು ಪಕ್ಕದಲ್ಲಿ ತೋರಿಸಬೇಕೆಂದು ಅವಳಿಗೆ ಹೊಳೆಯದೆ ಇರಲಿಲ್ಲ. ನಾಳೆ ಮಾಡಿದರಾಯಿತು ಎಂದುಕೊಂಡಳು. ಆ ನಾಳೆ ಬರಲಿಲ್ಲ.

ನಾಲ್ಕು ತಿಂಗಳು ಮನೆ ನೆಮ್ಮದಿಯಾಗಿತ್ತು. ಗುಬ್ಬಿ ಮೆಟ್ಟಿಲು ಹತ್ತುವುದು ಕಡಿಮೆಯಾಯಿತು, ಅಣ್ಣ ರೇಗುವುದು ನಿಂತಿತು. ಅತ್ತಿಗೆ ಶಾಲೆಯಿಂದ ಫೋನು ಮಾಡಿ "ಹೇಗಿದ್ದಾರೆ, ನೋಡಿದ್ಯಾ?" ಎಂದರೆ ಅವಳು ಕತ್ತೆತ್ತಿ ಪಟ್ಟಿ ನೋಡಿ "ನೋಡಿದೆ, ಚೆನ್ನಾಗಿದ್ದಾನೆ" ಎನ್ನುತ್ತಿದ್ದಳು. ಅಂಗಡಿಗೆ ಹೋದಾಗಲೂ ಕಾಣಲೆಂದು ಅದೇ ಪಟ್ಟಿಯನ್ನು ಫೋನಿಗೂ ತಂದುಕೊಂಡಿದ್ದಳು.

ಆ ದಿನ ಬೆಳಗ್ಗೆ ಅತ್ತಿಗೆ ಹೊರಟಾಗ ಅಣ್ಣ ಹಾಸಿಗೆಯಲ್ಲೇ ಕೂತು "ಛತ್ರಿ ತಗೋ" ಎಂದಿದ್ದ. ಏಳಕ್ಕೆ ಗ್ರಂಥಾಲಯದ ಸರ್ವರೊಂದು ಕೈಕೊಟ್ಟಿತು. ಗುಬ್ಬಿ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಆ ಕಡೆಯವರೊಡನೆ ಮಾತಾಡುತ್ತ ನಾಲ್ಕು ಗಂಟೆ ಅಲುಗಾಡಲಿಲ್ಲ. ಒಂಬತ್ತಕ್ಕೆ, ಅಣ್ಣನಿಗೆ ಚಹಾ ಕೊಡಬೇಕಾದ ಹೊತ್ತಿನಲ್ಲಿ, ಕೂತಲ್ಲಿಂದಲೇ ಪಟ್ಟಿ ನೋಡಿದಳು. ಎಪ್ಪತ್ತೆರಡು. ಮಲಗಿದ್ದಾನೆ, ಮಲಗಲಿ ಎಂದುಕೊಂಡಳು. ಹತ್ತೂವರೆಗೆ ಮತ್ತೆ ನೋಡಿದಳು. ಎಪ್ಪತ್ತೆರಡು. ಹನ್ನೊಂದೂಕಾಲಿಗೆ ಚಹಾ ಹಿಡಿದು ಮೇಲೆ ಹೋದಾಗ ಅಣ್ಣ ಮಂಚದ ಪಕ್ಕ ನೆಲದ ಮೇಲಿದ್ದ. ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು, ಬಲಗೈ ಸ್ವಾಧೀನವಿಲ್ಲದೆ ಬಿದ್ದಿತ್ತು. ಕಣ್ಣು ತೆರೆದಿದ್ದವು, ಅವಳನ್ನು ನೋಡಿದವು. ಏನೋ ಹೇಳಹೋದ, ಮಾತಾಗಲಿಲ್ಲ.

ಆಸ್ಪತ್ರೆಯಲ್ಲಿ ಅವನ ತಲೆಯ ಚಿತ್ರ ತೆಗೆದರು. ಎಳೆಯ ವಯಸ್ಸಿನ ಡಾಕ್ಟರಮ್ಮ ಹೊರಗೆ ಬಂದು ಒಂದೇ ಪ್ರಶ್ನೆ ಕೇಳಿದಳು.

"ಕೊನೇ ಸಲ ಅವರು ಚೆನ್ನಾಗಿದ್ದಿದ್ದು ಎಷ್ಟು ಹೊತ್ತಿಗೆ?"

"ಹತ್ತೂವರೆಗೆ."

"ನೀವೇ ನೋಡಿದ್ರಾ?"

"ಹೌದು, ನೋಡಿದೆ."

ಗುಬ್ಬಿ ಸುಳ್ಳು ಹೇಳಲಿಲ್ಲ. ನಾಲ್ಕು ತಿಂಗಳಿಂದ ಆ ಮನೆಯಲ್ಲಿ ನೋಡುವುದು ಎಂದರೆ ಅದೇ ಆಗಿತ್ತು.

ಡಾಕ್ಟರಮ್ಮನ ಮುಖ ಅರಳಿತು. ಮಿದುಳಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ, ಕರಗಿಸುವ ಇಂಜೆಕ್ಷನ್ ಇದೆ, ಶುರುವಾದ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು, ಕೊಟ್ಟರೆ ಕೈಯೂ ಮಾತೂ ಮರಳಬಹುದು ಎಂದಳು. ಹೊತ್ತು ಮೀರಿದ ಮೇಲೆ ಕೊಟ್ಟರೆ ತಲೆಯೊಳಗೆ ರಕ್ತ ಸೋರಿ ಜೀವಕ್ಕೇ ಕುತ್ತು ಎಂದೂ ಹೇಳಿದಳು. "ನಿಮಗೆ ಹೊತ್ತಿದೆ," ಎಂದಳು. ಆಗಷ್ಟೇ ಶಾಲೆಯಿಂದ ಓಡಿ ಬಂದಿದ್ದ ಅತ್ತಿಗೆ ಕಾಗದಕ್ಕೆ ಸಹಿ ಹಾಕಿ, ಗುಬ್ಬಿಯ ಭುಜ ಹಿಡಿದು, "ನೀನಿದ್ದೆಯಲ್ಲ, ಸದ್ಯ" ಎಂದರು.

ನರ್ಸೊಬ್ಬಳು ಬಂದು ಅಣ್ಣನ ಕನ್ನಡಕ, ವಾಚು, ಅಂಗಿಯನ್ನು ಚೀಲದಲ್ಲಿ ಹಾಕಿ ಗುಬ್ಬಿಯ ಕೈಗೆ ಕೊಟ್ಟು ಹೋದಳು. ಏನು ಮಾಡಲೂ ತೋಚದೆ ಗುಬ್ಬಿ ಫೋನು ತೆಗೆದಳು. ಅಭ್ಯಾಸಬಲದಿಂದ ಕಣ್ಣು ಪಟ್ಟಿಯ ತುದಿಗೆ ಹೋಯಿತು.

ಅಣ್ಣ: 72.

ವಾಚು ಅವಳ ತೊಡೆಯ ಮೇಲಿನ ಚೀಲದಲ್ಲಿತ್ತು. ತೆಗೆದು ಗುಂಡಿ ಒತ್ತಿದಳು. ಮುಖ ಕಪ್ಪಗೇ ಇತ್ತು. ಚಾರ್ಜು ಮುಗಿದು ಎಷ್ಟು ಹೊತ್ತಾಗಿತ್ತೋ. ಫೋನಿನಿಂದಲೇ ಮನೆಯ ಕಂಪ್ಯೂಟರಿಗೆ ಹೋಗಿ, ಅಂಕಿ ಬರೆದಿಡುವ ಕಡತ ಕೊನೆಯ ಸಲ ಬದಲಾದ ಸಮಯ ಕೇಳಿದಳು. ಯಂತ್ರ ಸುತ್ತಿ ಬಳಸದೆ ಹೇಳಿತು: 6:41.

ಗೋಡೆಯ ಗಡಿಯಾರದಲ್ಲಿ ಹನ್ನೆರಡೂಕಾಲು. ಅವಳು ಬೆರಳು ಮಡಿಸಿ ಎಣಿಸಿದಳು, ತಪ್ಪಿತೇನೋ ಎಂದು ಮತ್ತೆ ಎಣಿಸಿದಳು. ಐದೂವರೆ ಗಂಟೆ. ಅತ್ತಿಗೆ ಛತ್ರಿ ತಗೊಂಡು ಹೋದ ಮೇಲೆ ಅವನನ್ನು ನೋಡಿದವರು ಯಾರೂ ಇರಲಿಲ್ಲ. ಜೀವಂತ ನಾಡಿ ಎರಡು ನಿಮಿಷವೂ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ ಎಂಬುದು ಅವಳಿಗೆ ಗೊತ್ತಿರದ ಸಂಗತಿಯೇನಲ್ಲ. ಗ್ರಂಥಾಲಯದ ಸರ್ವರಿನ ಒಂದು ಅಂಕಿ ಹೀಗೆ ನಿಂತಿದ್ದರೆ ಹತ್ತು ನಿಮಿಷದಲ್ಲಿ ಹಿಡಿಯುತ್ತಿದ್ದಳು. ಅಣ್ಣನದು ನಿಂತಿದ್ದನ್ನು ಬೆಳಗ್ಗೆಯೆಲ್ಲ ನೋಡಿ ನೆಮ್ಮದಿಪಟ್ಟಿದ್ದಳು.

ಈ ವಿಷಯ ಗೊತ್ತಿದ್ದುದು ಅವಳೊಬ್ಬಳಿಗೇ. ಸುಮ್ಮನಿದ್ದರೆ ಇಂಜೆಕ್ಷನ್ ಕೊಡುತ್ತಾರೆ. ಅಕ್ಷರ ಹುಡುಕಿ ಹುಡುಕಿ ಸವೆದ ಆ ಬಲಗೈ ಮತ್ತೆ ಏಳಬಹುದು. ಏಳದೆ, ಅವನೇ ಏಳದೆ ಹೋಗಬಹುದು. ಒಂದು ಕ್ಷಣ, ಅವಳು ಆಮೇಲೆ ಯಾರಿಗೂ ಹೇಳದ ಒಂದು ಕ್ಷಣ, ದೇವರೇ ನೋಡಿಕೊಳ್ಳಲಿ ಎಂದು ಕಣ್ಣು ಮುಚ್ಚಿ ಕುಳಿತಳು. ಆಮೇಲೆ ಎದ್ದಳು.

ಒಳಗೆ ಹೋಗಬಾರದೆಂದು ಬರೆದಿದ್ದ ಬಾಗಿಲನ್ನು ತಳ್ಳಿಕೊಂಡೇ ಹೋದಳು. ಡಾಕ್ಟರಮ್ಮ ಔಷಧಿ ಅಳೆಯುತ್ತಿದ್ದಳು. ಅತ್ತಿಗೆ ಅಣ್ಣನ ಕಾಲ ಬಳಿ ನಿಂತಿದ್ದರು.

"ನಾನು ನೋಡಿರ್ಲಿಲ್ಲ," ಎಂದಳು ಗುಬ್ಬಿ. ಯಾರೂ ತಿರುಗಿ ನೋಡಲಿಲ್ಲ, ಮತ್ತೊಮ್ಮೆ ಹೇಳಬೇಕಾಯಿತು. "ಹತ್ತೂವರೆಗೆ ನಾನು ಅಣ್ಣನ್ನ ನೋಡಿರ್ಲಿಲ್ಲ. ಕಂಪ್ಯೂಟರಲ್ಲಿ ಅಂಕಿ ನೋಡ್ದೆ. ಅದು ಹಳೇದು. ಆರೂ ನಲವತ್ತೊಂದರದ್ದು."

ಡಾಕ್ಟರಮ್ಮನ ಕೈ ನಿಂತಿತು. ಗಡಿಯಾರ ನೋಡಿದಳು, ಅತ್ತಿಗೆಯ ಕಡೆ ನೋಡಿದಳು. "ಬೆಳಗ್ಗೆ ನೀವು ಹೊರಟಿದ್ದು?"

"ಆರೂವರೆಗೆ," ಎಂದರು ಅತ್ತಿಗೆ.

ಡಾಕ್ಟರಮ್ಮ ತನಗಿಂತ ದೊಡ್ಡ ಡಾಕ್ಟರಿಗೆ ಫೋನು ಮಾಡಿದಳು, ಚಿತ್ರಗಳನ್ನು ಕಳಿಸಿದಳು. ಐದು ನಿಮಿಷ ಬಿಟ್ಟು ಆ ಔಷಧಿಯ ತಟ್ಟೆಯನ್ನು ಹಿಂದಕ್ಕೆ ಕಳಿಸಿದಳು. ಅಣ್ಣ ಕಣ್ಣು ಬಿಟ್ಟುಕೊಂಡೇ ಮಲಗಿದ್ದ. ಅವನಿಗೆ ಎಷ್ಟು ಕೇಳಿಸಿತೋ, ಎಷ್ಟು ತಿಳಿಯಿತೋ, ಕೇಳುವ ದಾರಿ ಇರಲಿಲ್ಲ.

ಅತ್ತಿಗೆಯೂ ಗುಬ್ಬಿಯೂ ಹೊರಗಿನ ಬೆಂಚಿನ ಮೇಲೆ ಕುಳಿತರು.

"ನೀನು ಸುಮ್ಮನಿದ್ದಿದ್ರೆ ಕೊಡ್ತಿದ್ರು," ಎಂದರು ಅತ್ತಿಗೆ.

"ಹೂಂ."

"ಕೈ ಬರ್ತಿತ್ತೇನೋ."

"ಬರ್ತಿತ್ತೇನೋ. ಜೀವ ಹೋಗ್ತಿತ್ತೇನೋ. ಗೊತ್ತಿಲ್ಲ ಅತ್ತಿಗೆ."

ಅತ್ತಿಗೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚಿದರು. "ಪಟ್ಟಿಯಲ್ಲಿ ಆ ಮಾತು ಬೇಡ ಅಂದಿದ್ದು ನಾನೇ."

ಈ ಮಾತು ಗುಬ್ಬಿಯ ನಾಲಗೆಯ ತುದಿಗೂ ಬಂದಿತ್ತು. ಬಾಗಿಲು ತಳ್ಳುವಾಗಲೇ ಬಂದಿತ್ತು, ನುಂಗಿಕೊಂಡಿದ್ದಳು. ಈಗ ಅತ್ತಿಗೆಯ ಬಾಯಲ್ಲಿ ಕೇಳಿ ಹಗುರವಾಗಲಿಲ್ಲ. "ಬೇಡ ಅಂದ್ರಿ ಅಷ್ಟೇ. ಹಳೇ ಅಂಕೀನ ಹೊಸದು ಅಂತ ತೋರಿಸು ಅಂತ ನೀವು ಹೇಳಿರ್ಲಿಲ್ಲ. ಅದು ನನ್ನ ಕೆಲಸ."

ಅತ್ತಿಗೆ ಚೀಲದಿಂದ ಅಣ್ಣನ ಅಂಗಿ ತೆಗೆದು ಮಡಿಸತೊಡಗಿದರು.

ಮೂರು ವಾರಕ್ಕೆ ಅಣ್ಣನನ್ನು ಮನೆಗೆ ಕರೆತಂದರು. ಜೀವ ಉಳಿಯಿತು. ಮಾತು ಬರಲಿಲ್ಲ, ಬಲಗೈ ಮಡಿಲಲ್ಲಿಟ್ಟ ಕಡೆಯೇ ಇರುತ್ತಿತ್ತು. ಅವನ ಮಂಚವನ್ನು ಕೆಳಗೆ, ಗುಬ್ಬಿಯ ಮೇಜಿಗೆ ನಾಲ್ಕು ಹೆಜ್ಜೆ ದೂರದಲ್ಲಿ ಹಾಕಿದರು. ಪಟ್ಟಿಯಿಂದ ಅವನ ಹೆಸರನ್ನು ಅವಳು ತೆಗೆದುಹಾಕಿದಳು. ಆ ಒಂಬತ್ತು ಸಾಲಿನ ಸ್ಕ್ರಿಪ್ಟನ್ನೂ ಅಳಿಸಿದಳು.

ಅತ್ತಿಗೆಗೆ ರಜೆ ಮುಗಿಯಿತು. ಈಗ ಅವರು ಶಾಲೆಯಿಂದ ದಿನಕ್ಕೆ ಮೂರು ಸಲ ಫೋನು ಮಾಡುತ್ತಾರೆ. ಹೇಗಿದ್ದಾರೆ ಎಂದು ಕೇಳುವುದಿಲ್ಲ. "ನೋಡಿದ್ಯಾ?" ಎನ್ನುತ್ತಾರೆ. ಗುಬ್ಬಿ ಕೂತಲ್ಲಿಂದಲೇ ಅಣ್ಣ ಕಾಣುತ್ತಾನೆ. ಆದರೂ "ತಾಳಿ" ಎಂದು ಎದ್ದು, ನಾಲ್ಕು ಹೆಜ್ಜೆ ನಡೆದು, ಅವನ ಎರಡು ಕೈಗಳಲ್ಲೂ ತನ್ನ ಬೆರಳಿಟ್ಟು ಹಿಸುಕು ಎನ್ನುತ್ತಾಳೆ. ಹಿಸುಕುವವರೆಗೂ ಕಾಯುತ್ತಾಳೆ.

"ನೋಡಿದೆ ಅತ್ತಿಗೆ. ಬೆರಳು ಹಿಸುಕಿದ."

ಆ ಕಡೆ ಮಕ್ಕಳ ಗದ್ದಲ ಕೇಳುತ್ತಿರುತ್ತದೆ. ಅತ್ತಿಗೆ ತಕ್ಷಣ ಫೋನು ಇಡುವುದಿಲ್ಲ.

"ಯಾವ ಕೈಲಿ?" ಎಂದು ಕೇಳುತ್ತಾರೆ, ದಿನಾ.

"ಎಡಗೈಲಿ," ಎನ್ನುತ್ತಾಳೆ ಗುಬ್ಬಿ.